ಮಗುವಿನ ತೂಕ ನೋಡುವವರು ತಾಯಿಯನ್ನೂ ವಿಚಾರಿಸಲಿ

ಮಗು ಹುಟ್ಟಿದ ಮೊದಲ ಆರು ತಿಂಗಳಲ್ಲಿ ಅದನ್ನು ಎಷ್ಟೋ ಸಲ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗುತ್ತೇವೆ. ತೂಕ ನೋಡುತ್ತಾರೆ, ತಲೆ ಸುತ್ತಳತೆ ತೆಗೆದುಕೊಳ್ಳುತ್ತಾರೆ, ಲಸಿಕೆ ಹಾಕುತ್ತಾರೆ. ಎತ್ತಿಕೊಂಡು ಬಂದ ತಾಯಿಗೆ ಮಾತ್ರ ಸಾಮಾನ್ಯವಾಗಿ ಒಂದೇ ಪ್ರಶ್ನೆ, ಹಾಲು ಸಾಕಾಗ್ತಿದೆಯಾ ಅಂತ. ಅವಳ ಮನಸ್ಸು ಹೇಗಿದೆ ಅಂತಲೂ ಅಲ್ಲೇ, ಅದೇ ದಿನ ಕೇಳಬೇಕು. ತನಗೋಸ್ಕರ ಇನ್ನೊಂದು ದಿನ ಬಿಡುವು ಮಾಡಿಕೊಂಡು ಬರೋದು ಬಾಣಂತಿಗೆ ಆಗುವ ಮಾತಲ್ಲ.

ಹೆರಿಗೆಯಾದ ಹೊಸದರಲ್ಲಿ ಕಾರಣವಿಲ್ಲದೆ ಅಳು ಬರುವುದು ಬಹಳ ಜನರಿಗೆ ಇದೆ. ಎರಡು ವಾರದೊಳಗೆ ತಾನಾಗಿಯೇ ಹೋಗುತ್ತದೆ. ಹೋಗದೆ ಉಳಿದು ದಿನದಿನಕ್ಕೆ ಜಾಸ್ತಿಯಾದರೆ ಅದು ಖಿನ್ನತೆ ಇರಬಹುದು. ಹೆರಿಗೆಯಾದವರಲ್ಲಿ ಸುಮಾರು ಶೇ. 13ರಷ್ಟು ಮಂದಿಗೆ ಮಾನಸಿಕ ತೊಂದರೆ, ಅದರಲ್ಲೂ ಮುಖ್ಯವಾಗಿ ಖಿನ್ನತೆ ಕಾಡುತ್ತದೆ ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಕಡಿಮೆ ಸಂಖ್ಯೆಯೇನಲ್ಲ, ಅಲ್ವಾ?

ಗುರುತಿಸೋದಕ್ಕೆ ದೊಡ್ಡ ಯಂತ್ರವೇನೂ ಬೇಡ. 1987ರಲ್ಲಿ ಸ್ಕಾಟ್‌ಲೆಂಡಿನಲ್ಲಿ ತಯಾರಾದ ಎಡಿನ್‌ಬರೋ ಪ್ರಶ್ನಾವಳಿ ಇದೆ. ಹತ್ತು ಪ್ರಶ್ನೆ, ಕಳೆದ ಏಳು ದಿನದ ಬಗ್ಗೆ, ಒಂದೊಂದಕ್ಕೂ 0ಯಿಂದ 3ರವರೆಗೆ ಅಂಕ. ಇದನ್ನು ಮಾಡಿದವರು ಬಾಣಂತಿಯರನ್ನು ಹತ್ತಿರದಿಂದ ಬಲ್ಲವರು ಅನಿಸುತ್ತದೆ. ಯಾಕೆಂದರೆ 'ನಿದ್ದೆ ಬರುತ್ತಾ?' ಅಂತ ಅದು ಬರಿದೇ ಕೇಳುವುದಿಲ್ಲ. ಪುಟ್ಟ ಮಗು ಇರುವ ಮನೆಯಲ್ಲಿ ಯಾರಿಗೆ ನಿದ್ದೆ? ನಿದ್ದೆಗೆಡುವಷ್ಟು ದುಃಖ ಇದೆಯಾ ಅಂತ ಕೇಳುತ್ತದೆ. ಕೊನೆಯ ಪ್ರಶ್ನೆ, ತನಗೆ ತಾನೇ ಹಾನಿ ಮಾಡಿಕೊಳ್ಳುವ ಯೋಚನೆ ಬಂದಿದೆಯಾ ಅನ್ನೋದು. ಒಟ್ಟು ಅಂಕ ಎಷ್ಟೇ ಕಡಿಮೆ ಇರಲಿ, ಅದಕ್ಕೆ ಹೌದು ಅಂದವಳ ಜೊತೆ ಅವತ್ತೇ ಕೂತು ಮಾತಾಡಬೇಕು. ಕಾಗದವನ್ನು ಫೈಲಿಗೆ ಸೇರಿಸಿ ಮನೆಗೆ ಕಳಿಸುವುದು ತಪ್ಪು.

ಗಂಡನೋ ಅತ್ತೆಯೋ ಪಕ್ಕದಲ್ಲಿ ಕೂತು ಇಣುಕಿ ನೋಡುತ್ತಿದ್ದರೆ ಅವಳು ನಿಜ ಬರೆಯುವುದು ಕಷ್ಟ. ಆ ಐದು ನಿಮಿಷ ಮಗುವನ್ನು ಎತ್ತಿಕೊಂಡು ದಯವಿಟ್ಟು ಹೊರಗೆ ಇರಿ.

ಎಲ್ಲರೂ ಇದನ್ನು ಒಪ್ಪುವುದಿಲ್ಲ. ಕೆನಡಾದ ತಜ್ಞರ ತಂಡವೊಂದು 2022ರಲ್ಲಿ, ಪ್ರಶ್ನಾವಳಿ ಹಿಡಿದು ಎಲ್ಲರನ್ನೂ ತಪಾಸಣೆ ಮಾಡುವುದು ಬೇಡ, ಡಾಕ್ಟರ್ ಮಾತಿನಲ್ಲೇ ವಿಚಾರಿಸಲಿ ಅಂದಿತು. ಅಮೆರಿಕದ ತಜ್ಞರು 2016ರಲ್ಲೇ ತಪಾಸಣೆ ಬೇಕು, ಆದರೆ ಮುಂದಿನ ಚಿಕಿತ್ಸೆಯ ವ್ಯವಸ್ಥೆಯೂ ಇರಬೇಕು ಅಂದಿದ್ದರು. ನನಗೆ ಇದೇ ಸರಿ ಅನಿಸುತ್ತದೆ. ಸುಮ್ನೆ 'ಹೇಗಿದ್ದೀರಮ್ಮ' ಅಂದರೆ 'ಚೆನ್ನಾಗಿದ್ದೀನಿ' ಅಂತಲೇ ಉತ್ತರ ಬರುತ್ತದೆ. ಹಾಗಂತ ಅಂಕ ಜಾಸ್ತಿ ಬಂದ ಕೂಡಲೇ ಕಾಯಿಲೆ ಅಂತ ತೀರ್ಮಾನಿಸಬಾರದು. ಥೈರಾಯ್ಡ್ ಏರುಪೇರು, ರಕ್ತಹೀನತೆ ಕೂಡ ಹೀಗೇ ಸುಸ್ತು ಮಾಡುತ್ತವೆ, ಅದನ್ನೂ ನೋಡಬೇಕು.

ಇನ್ನು ಮಾತ್ರೆ ತೆಗೆದುಕೊಂಡರೆ ಹಾಲು ಬಿಡಿಸಬೇಕಾಗುತ್ತೆ ಅಂತ ಹೆದರಿ ಎಷ್ಟೋ ತಾಯಂದಿರು ಬಾಯಿ ಬಿಡುವುದಿಲ್ಲ. ತೊಂದರೆ ತೀರಾ ಹೆಚ್ಚಿಲ್ಲದಿದ್ದರೆ ಆಪ್ತಸಮಾಲೋಚನೆಯಿಂದಲೇ ಎಷ್ಟೋ ಜನ ಸುಧಾರಿಸುತ್ತಾರೆ. ಮಾತ್ರೆ ಬೇಕಾದರೂ ಸೆರ್ಟ್ರಲಿನ್‌ನಂಥವನ್ನು ಡಾಕ್ಟರ್ ಸಲಹೆಯಂತೆ ತೆಗೆದುಕೊಳ್ಳುತ್ತಾ ಸಾಮಾನ್ಯವಾಗಿ ಹಾಲುಣಿಸಬಹುದು. ಪ್ರಶ್ನಾವಳಿ ಕೊಡುವ ನರ್ಸ್ ಈ ಮಾತನ್ನು ಮೊದಲೇ ಹೇಳಿಬಿಡಲಿ, ಆಮೇಲೆ ಪೆನ್ನು ಕೊಡಲಿ.