ಡಾಕ್ಟ್ರ ಗಾಡಿ

ಬಳ್ಳಾರಿಯಲ್ಲಿ ಮಾರಾಟಕ್ಕೆ ಬರುವ ಹಳೆ ಕಾರುಗಳೆಲ್ಲ ಡಾಕ್ಟ್ರ ಗಾಡಿಗಳೇ. ಊರಲ್ಲಿ ಅಷ್ಟೊಂದು ಡಾಕ್ಟ್ರು ಇದ್ದಾರಾ ಅಂತ ಲೆಕ್ಕ ಹಾಕಲು ಹೋಗಬೇಡಿ. ಬ್ರೋಕರ್ ಹೇಳಿದ ಮೇಲೆ ಮುಗೀತು. “ಸಿಂಗಲ್ ಓನರ್ ಸರ. ಮನಿಯಿಂದ ಕ್ಲಿನಿಕ್ಕು, ಕ್ಲಿನಿಕ್ಕಿಂದ ಮನಿ, ಅಷ್ಟೇ ಓಡೈತಿ.” ನಾನು ಕೊಂಡಿದ್ದೂ ಅಂಥದ್ದೇ ಒಂದು. 2009ರ ಮಾಡೆಲ್. ಹದಿನೈದು ವರ್ಷ ತುಂಬಿ, ಆರ್‌ಸಿ ಮತ್ತೆ ಐದು ವರ್ಷಕ್ಕೆ ರಿನ್ಯೂವಲ್ ಆಗಿತ್ತು. ಇಂಜಿನ್ ಗಟ್ಟಿ, ಎ.ಸಿ. ತಣ್ಣಗೆ, ಟೈರು ಪರವಾಗಿಲ್ಲ. ಮೈಮೇಲಿನ ಸಣ್ಣಪುಟ್ಟ ಗೀರು-ಗಾಯ ಮಾತ್ರ ನಾವೇ ನೋಡಿಕೊಳ್ಳಬೇಕಿತ್ತು. ರೇಟೂ ಅದಕ್ಕೇ ಇಳಿದಿತ್ತು.

ಕಾರಿನ ಬಣ್ಣ ನೀಲಿ ಅಂತ ಗೊತ್ತಾಗಿದ್ದು ಆರ್‌ಸಿ ಓದಿದಾಗ. ಕಣ್ಣಿಗೆ ಕಾಣುತ್ತಿದ್ದದ್ದು ನಮ್ಮ ಜಿಲ್ಲೆಯ ಬಣ್ಣ. ತೋರಣಗಲ್ಲು, ಸಂಡೂರು ಕಡೆ ಅದಿರಿನ ಲಾರಿ ಹಿಂದೆ ಹೋದವರಿಗೆ ಅದರ ಪರಿಚಯ ಬೇಕಿಲ್ಲ. ಬಿಳಿ ಅಂಗಿ ಹಾಕಿಕೊಂಡು ಹೋದವರಿಗಂತೂ ಬೇಡವೇ ಬೇಡ. ಕಬ್ಬಿಣದ ಆಕ್ಸೈಡನ್ನು ನುಣ್ಣಗೆ ಮಾಡಿದರೆ ಚಿನ್ನ ಬೆಳ್ಳಿಗೆ ಪಾಲಿಶ್ ಹೊಡೆಯುವ ಕೆಂಪು ಪುಡಿ ಆಗುತ್ತದೆ. ಆದರೆ ರಸ್ತೆಯ ಧೂಳಿನಲ್ಲಿ ಅದರ ಜೊತೆ ಮರಳೂ ಇರುತ್ತದಲ್ವಾ? ದಿನಾ ಬೆಳಿಗ್ಗೆ ಯಾರೋ ನಿಷ್ಠೆಯಿಂದ ಒಣ ಬಟ್ಟೆಯಲ್ಲಿ ಈ ಗಾಡಿ ಒರೆಸಿದ್ದಾರೆ. ನೀರು ಹಾಕಿ ತೊಳೆಸಿ, ಮಧ್ಯಾಹ್ನದ ಬಿಸಿಲಿಗೆ ನಿಲ್ಲಿಸಿದಾಗ ಆ ನಿಷ್ಠೆ ಎದ್ದು ಕಂಡಿತು. ಬಾನೆಟ್ಟಿನ ತುಂಬ ಸುತ್ತು ಸುತ್ತಾದ ಸಣ್ಣ ಗೀರುಗಳು. ಬಣ್ಣದ ಮೇಲಿನ ಪಾರದರ್ಶಕ ಪದರ, ಅಂದರೆ ಕ್ಲಿಯರ್ ಕೋಟು, ಅಲ್ಲಲ್ಲಿ ಬಿಳಿಚಿ, ಸಿಪ್ಪೆ ಎದ್ದಿತ್ತು. ಧೂಳು ಇಷ್ಟು ದಿನ ಎಲ್ಲವನ್ನೂ ಮುಚ್ಚಿಟ್ಟಿತ್ತು. ತೊಳೆಸಬಾರದಿತ್ತು ಅಂದಳು ಹೆಂಡತಿ. ಅವಳ ಮಾತಲ್ಲಿ ಅರ್ಥ ಇತ್ತು.

ಗೀರಿಗೆ ಒಂದು ಸುಲಭದ ಪರೀಕ್ಷೆ ಇದೆ. ಅದರ ಮೇಲೆ ಅಡ್ಡಡ್ಡ ಉಗುರು ಆಡಿಸಿ. ಉಗುರು ಜಾರಿಹೋದರೆ ಕಾಂಪೌಂಡ್ (ಉಜ್ಜಿ ಹೊಳಪು ತರಿಸುವ ಪೇಸ್ಟು) ಹಾಕಿ ತಿಕ್ಕಿದರೆ ಮಾಯವಾಗುತ್ತದೆ. ಉಗುರು ಸಿಕ್ಕಿಕೊಂಡರೆ ಉಜ್ಜಿ ಪ್ರಯೋಜನ ಇಲ್ಲ, ಪೇಂಟೇ ಬೇಕು. ಕಾರಿನ ಬಣ್ಣ ಅಂದರೆ ಪ್ರೈಮರ್, ಬೇಸ್ ಕೋಟ್, ಕ್ಲಿಯರ್ ಕೋಟ್ ಎಲ್ಲ ಸೇರಿ 100ರಿಂದ 150 ಮೈಕ್ರಾನ್ ದಪ್ಪ. ಎರಡು ತಲೆಗೂದಲು ಒಂದರ ಮೇಲೊಂದು ಇಟ್ಟಷ್ಟು. ಇದನ್ನೆಲ್ಲ ನಾನು ಮನೆಮಂದಿಗೆ ವಿವರಿಸುತ್ತಿರುವಾಗ ಮಾವನವರು ಒಳಗೆ ಹೋಗಿ ಟೂತ್‌ಪೇಸ್ಟ್ ತಂದರು.

ಮೊದಲು ಅವರು ಕೈ ಹಾಕಿದ್ದು ಹೆಡ್‌ಲೈಟಿಗೆ. ಹಳದಿ ತಿರುಗಿ ಮಂಕಾಗಿದ್ದ ಗಾಜು (ಅದು ಗಾಜಲ್ಲ, ಪಾಲಿಕಾರ್ಬೊನೇಟ್ ಅನ್ನುವ ಪ್ಲಾಸ್ಟಿಕ್ಕು) ನಿಜಕ್ಕೂ ತಿಳಿಯಾಯಿತು. “ಹಲ್ಲಿಗೇ ಹೊಳಪು ಬರ್ತೈತಿ, ಲೈಟಿಗೆ ಬರಲ್ಲೇನು?” ಅಂದರು. ಬಿಸಿಲು ತಡೆಯುವ ಮೇಲಿನ ಪದರ ಹೋಗಿರುವುದರಿಂದ ಮತ್ತೆ ಹಳದಿ ಆಗುತ್ತದೆ ಅಂತ ನಾನು ಹೇಳಿದೆ. ಯಾರೂ ಕೇಳಿಸಿಕೊಳ್ಳಲಿಲ್ಲ. ಆ ಹುಮ್ಮಸ್ಸಿನಲ್ಲಿ ಅವರು ಬಾನೆಟ್ಟಿಗೆ ಬಂದರು. ನಡುವೆ ಒಂದು ತಟ್ಟೆ ಅಗಲದ ಜಾಗ ಆರಿಸಿಕೊಂಡು ಚೆನ್ನಾಗಿ ಉಜ್ಜಿದರು. ಅಷ್ಟು ಜಾಗ ಫಳಫಳ ಹೊಳೆಯಿತು. ಉಳಿದ ಬಾನೆಟ್ಟು ಸತ್ತುಹೋಯಿತು.

ಹಳೆ ಗಾಡಿಯಲ್ಲಿ ಕಷ್ಟ ಇರುವುದೇ ಇಲ್ಲಿ. ಎಲ್ಲ ಕಡೆ ಒಂದೇ ಸಮ ಮಂಕಾಗಿದ್ದರೆ ಯಾರ ಕಣ್ಣಿಗೂ ಬೀಳುವುದಿಲ್ಲ. ಒಂದು ಕಡೆ ಚೆಂದ ಮಾಡಿದಿರೋ, ಪಕ್ಕದ್ದು ಜಗಳಕ್ಕೆ ನಿಲ್ಲುತ್ತದೆ. ಮಾವನವರಿಗೆ ಅಷ್ಟರಲ್ಲಿ ಭುಜ ಹಿಡಿದಿತ್ತು. “ಉಳಿದಿದ್ದು ನೀವು ಉಜ್ಜಿಕೊಳ್ರಿ” ಅಂತ ಹೇಳಿ ಪೇಪರ್ ಓದಲು ಹೋದರು. ಪುದೀನ ವಾಸನೆಯ ಬಿಳಿ ಪುಡಿ ಬಾನೆಟ್ಟಿನ ಸಂದುಗಳಲ್ಲಿ ಬಹಳ ದಿನ ಉಳಿಯಿತು.

ಕೊನೆಗೆ ಕೌಲ್ ಬಜಾರ್ ಕಡೆಯ ಒಬ್ಬ ಪೇಂಟರ್ ಭಾಯ್ ಹತ್ತಿರ ಹೋದೆ. ಎಡಗಡೆ ಡೋರಿನ ಮೇಲೆ ಉಗುರು ಸಿಕ್ಕಿಕೊಳ್ಳುವ ಗೀರು ಇತ್ತು, ಅದೊಂದು ಮಾಡಿಸಿದರೆ ಸಾಕು ಅನ್ನುವುದು ನನ್ನ ಲೆಕ್ಕ. ಕಂಪನಿಯವರು ಗಾಡಿಯ ಬಣ್ಣಕ್ಕೆ ಕೊಟ್ಟ ಕಲರ್ ಕೋಡ್ ಬರೆದುಕೊಂಡು ಹೋಗಿದ್ದೆ. ಭಾಯ್ ಚೀಟಿ ನೋಡಿ ನಕ್ಕರು. “ಇದು ಗಾಡಿ ಹುಟ್ಟಿದ ದಿನದ ಕಲರ್ ಸಾಬ್. ಆಮೇಲೆ ಬಿದ್ದ ಬಿಸಿಲಿಗೆ ಕೋಡ್ ಎಲ್ಲೈತಿ?” ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಊರಲ್ಲಿ ಈ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಅವರು ಕೋಡಿನ ಬಣ್ಣಕ್ಕೆ ಒಂದಿಷ್ಟು ಬಿಳಿ, ಒಂದು ಹನಿ ಕಪ್ಪು ಸೇರಿಸಿದರು. ಒಂದು ರಟ್ಟಿಗೆ ಹೊಡೆದು ಬಿಸಿಲಿಗೆ ತಂದು ಡೋರಿಗೆ ಹಿಡಿದರು. ತಲೆ ಅಲ್ಲಾಡಿಸಿದರು. ಮತ್ತೆ ಒಳಗೆ ಹೋದರು. ನೆರಳಲ್ಲಿ ಹೊಂದುವ ಬಣ್ಣ ಬಿಸಿಲಲ್ಲಿ ಹೊಂದುವುದಿಲ್ಲ. ಮೆಟಾಲಿಕ್ ಆದರೆ ನಿಂತು ನೋಡಿದಾಗ ಒಂದು ಬಣ್ಣ, ಬಗ್ಗಿ ನೋಡಿದಾಗ ಇನ್ನೊಂದು.

ಆಮೇಲೆ ಅಸಲು ಮಾತು ಬಂತು. ಡೋರಿಗೆ ಹೊಡೆದರೆ ಪಕ್ಕದ ಫೆಂಡರಿಗೆ (ಮುಂದಿನ ಚಕ್ರದ ಮೇಲಿನ ತಗಡಿಗೆ) ಸ್ವಲ್ಪ ಹರಡಿ ಬಿಡಬೇಕು, ಇಲ್ಲಾಂದ್ರೆ ಗೆರೆ ಎಳೆದ ಹಾಗೆ ಕಾಣುತ್ತದೆ. ಫೆಂಡರ್ ಮುಟ್ಟಿದರೆ ಬಾನೆಟ್ಟು ಬಿಡೋಕೆ ಆಗಲ್ಲ. ಬಾನೆಟ್ಟು ಆದ ಮೇಲೆ ಬಲಗಡೆ ಫೆಂಡರ್ ಏನು ಪಾಪ ಮಾಡಿತ್ತು? ಹೀಗೆ ಎಸ್ಟಿಮೇಟು ಕಾರನ್ನು ಒಂದು ಸುತ್ತು ಹಾಕಿ ಮತ್ತೆ ಎಡಗಡೆ ಡೋರಿಗೇ ಬಂತು. ಆ ದುಡ್ಡಿಗೆ ಇನ್ನೊಂದು ಡಾಕ್ಟ್ರ ಗಾಡಿ ಬರುತ್ತಿತ್ತು. ಡೋರ್ ಮತ್ತು ಫೆಂಡರಿಗೆ ಒಪ್ಪಂದ ಆಯಿತು. ಶೆಡ್ಡಿನ ಸುತ್ತ ಹಳೆ ಎಲೆಕ್ಷನ್ ಫ್ಲೆಕ್ಸು ಕಟ್ಟಿ, ನೆಲಕ್ಕೆ ನೀರು ಚಿಮುಕಿಸಿ ಸ್ಪ್ರೇ ಮಾಡಿದರು. ಆದರೂ ಹಸಿ ಕ್ಲಿಯರ್ ಮೇಲೆ ಎಲ್ಲಿಂದಲೋ ಗಾಳಿ ಬಂದು ಎರಡು ಕೆಂಪು ಚುಕ್ಕೆ ಇಟ್ಟು ಹೋಯಿತು. ಭಾಯ್ ಬೇಜಾರು ಮಾಡಿಕೊಳ್ಳಲಿಲ್ಲ. ಒಣಗಿದ ಮೇಲೆ 2000 ನಂಬರಿನ ವಾಟರ್ ಪೇಪರಿನಲ್ಲಿ ಹಗುರಾಗಿ ತಿಕ್ಕಿ ಕಾಂಪೌಂಡ್ ಹೊಡೆದರು. ಒಂದು ಚುಕ್ಕೆ ಹೋಯಿತು. ಇನ್ನೊಂದನ್ನು “ಬಳ್ಳಾರಿ ಗಾಡಿ ಅಂತ ಗುರುತಿಗೆ ಇರ್ಲಿ” ಅಂತ ಬಿಟ್ಟರು.

ಒಳಗಡೆಯ ಕೆಲಸ ಸಣ್ಣದು ಅಂದುಕೊಂಡಿದ್ದೆ. ಡೋರ್ ಪ್ಯಾಡು ಕಟಕಟ ಅನ್ನುತ್ತಿತ್ತು. ಸೀಟ್ ಕವರ್ ಅಂಗಡಿಯ ಹುಡುಗ ಸ್ಕ್ರೂ ಬಿಚ್ಚಿ ಪ್ಯಾಡನ್ನು ಎಳೆದ. ಟಪ್ ಟಪ್ ಅಂತ ಕ್ಲಿಪ್ಪುಗಳೆಲ್ಲ ಮುರಿದವು. ಬಿಸಿಲಿಗೆ ಒಣಗಿದ ಪ್ಲಾಸ್ಟಿಕ್ಕು ಒಮ್ಮೆ ಹಾಕಿದ್ದು, ಎರಡನೇ ಸಲ ಹಾಕೋಕೆ ಸಿಗುವುದಿಲ್ಲ. ಹಿಂದೆಯೇ ಒಳಗಿನಿಂದ ಕೆಂಪು ಪುಡಿ ಸುರಿಯಿತು. ಮುಷ್ಟಿಗಟ್ಟಲೆ. “ಇದು ಈಗಿಂದಲ್ಲಣ್ಣ, ಗಣಿ ಜೋರಿದ್ದಾಗಿಂದು” ಅಂದ ಹುಡುಗ, ಬೆರಳಲ್ಲಿ ಉಜ್ಜಿ ನೋಡುತ್ತ. ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ಸುಪ್ರೀಂ ಕೋರ್ಟು 2011ರ ಜುಲೈನಲ್ಲಿ ನಿಲ್ಲಿಸಿತ್ತು. ನಮ್ಮ ಡೋರಿನೊಳಗೆ ಮಾತ್ರ ಪರ್ಮಿಟ್ ಇಲ್ಲದ ದಾಸ್ತಾನು ಹಾಗೇ ಉಳಿದಿತ್ತು. ಮನೆಯಿಂದ ಕ್ಲಿನಿಕ್ಕಿಗೆ ಹೋಗುವ ದಾರಿಯಲ್ಲಿ ಡಾಕ್ಟ್ರಿಗೆ ಇಷ್ಟು ಅದಿರು ಎಲ್ಲಿ ಸಿಕ್ಕಿತು?

ಅನುಮಾನ ಸೀಟಿನ ಹತ್ತಿರ ಜಾಸ್ತಿಯಾಯಿತು. ಕವರ್ ತೆಗೆದರೆ ತಿಳಿ ಬಣ್ಣದ ಡ್ರೈವರ್ ಸೀಟಿನ ಮೇಲೆ ನೀಲಿ ಕಲೆ. ಕೂತವರ ಅಳತೆ ಸಮೇತ ಇತ್ತು. ಇನ್ನೂ ವಾಷ್ ಆಗದ ಹೊಸ ಜೀನ್ಸಿನ ಬಣ್ಣ ಹೀಗೆ ಹತ್ತುತ್ತದೆ. ಸೀಟಿನ ಕೆಳಗೆ ಕೈಹಾಕಿದರೆ ಜೀನ್ಸಿಗೆ ಹೊಡೆಯುವ ಗುಂಡಿ ಮತ್ತು ರಿವೆಟ್ಟು. ಮನೆ ಮನೆಯಲ್ಲಿ ಜೀನ್ಸ್ ಹೊಲಿಯುವ ಊರಿದು, ನಮಗೇನು ಹೊಸದಲ್ಲ. ಫೋಮ್ ಶಾಂಪೂ ಹಾಕಿ ತಿಕ್ಕಿದರೆ ಕಲೆ ಅರ್ಧ ತಿಳಿಯಾಯಿತು. ಇನ್ನರ್ಧಕ್ಕೆ ಕಪ್ಪು ಕವರ್ ಹಾಕಿಸಿದೆವು. ಕಲೆ ತೆಗೆಯುವುದಕ್ಕಿಂತ ಮುಚ್ಚುವುದು ಸೋವಿ.

ಎಲ್ಲಕ್ಕಿಂತ ಕಾಡಿದ್ದು ರೂಫ್ ಲೈನಿಂಗು. ಹಿಂದಿನ ಸೀಟಿನ ಮೇಲೆ ಅದು ಶಾಮಿಯಾನದ ಹಾಗೆ ಜೋತುಬಿದ್ದು, ಕನ್ನಡಿಯಲ್ಲಿ ಹಿಂದಿನ ಗಾಡಿ ಕಾಣುವ ಬದಲು ಬಟ್ಟೆ ಕಾಣುತ್ತಿತ್ತು. ನನ್ನ ಅಕ್ಕನ ಮಗ ಮೆಡಿಕಲ್ ಶಾಪಿನಲ್ಲಿ ಕೆಲಸಕ್ಕಿದ್ದಾನೆ. “ಮಾಮಾ, ಸುಮ್ನೆ ದುಡ್ಡು ಯಾಕೆ?” ಅಂತ ಸಿರಿಂಜು ತಂದ. ಅದರಲ್ಲಿ ಬಿಳಿ ಅಂಟು ತುಂಬಿ ಬಟ್ಟೆಗೆ ಅಲ್ಲಲ್ಲಿ ಇಂಜೆಕ್ಷನ್ ಕೊಟ್ಟ. ಅಂಗೈಯಲ್ಲಿ ಒತ್ತಿ ಹಿಡಿದ. ಸಂಜೆ ನಿಂತಿತು. ಮಾರನೇ ಮಧ್ಯಾಹ್ನ ಬಿದ್ದಿತು, ಗುಂಡನೆಯ ಕಲೆಗಳ ಸಮೇತ. ಜೊತೆಗೆ ಹಳದಿ ಪುಡಿ ಹಿಂದೆ ಕೂತ ಅತ್ತೆಯವರ ತಲೆ ಮೇಲೆ ಉದುರಿತು. ಅವರು ಆಗಷ್ಟೇ ಎಣ್ಣೆ ಹಚ್ಚಿಕೊಂಡಿದ್ದರು.

ತಪ್ಪು ಅಂಟಿನದಲ್ಲ. ಬಟ್ಟೆಗೂ ರಟ್ಟಿಗೂ ನಡುವೆ ತೆಳ್ಳಗೆ ಫೋಮ್ ಇರುತ್ತದೆ. ವರ್ಷಗಟ್ಟಲೆ ಬಿಸಿಗೆ ಅದು ಪುಡಿಯಾಗುತ್ತದೆ. ಪುಡಿಗೆ ಏನು ಅಂಟಿಸಿದರೂ ಪುಡಿಯೇ ಕಿತ್ತು ಬರುತ್ತದೆ. ಇಡೀ ರೂಫಿನ ರಟ್ಟನ್ನು ಡಿಕ್ಕಿಯಿಂದ ಹೊರಗೆ ತೆಗೆದು, ಹಳೆ ಫೋಮ್ ಕೆರೆದು, ಫೋಮ್ ಹತ್ತಿಸಿದ ಹೊಸ ಬಟ್ಟೆಯನ್ನು ಬಿಸಿ ತಡೆಯುವ ಅಂಟಿನಲ್ಲಿ ಕೂರಿಸಬೇಕು. ಸೀಟ್ ಕವರ್ ಅಂಗಡಿಯವರೇ ಅದನ್ನು ಚೊಕ್ಕವಾಗಿ ಮಾಡಿಕೊಟ್ಟರು. ಖುಷಿಗೆ ಡ್ಯಾಶ್‌ಬೋರ್ಡಿಗೂ ಪಾಲಿಶ್ ಹೊಡೆದು ಕಳಿಸಿದರು. ಈಗ ಮುಂದಿನ ಗಾಜಿನಲ್ಲಿ ರಸ್ತೆಯ ಜೊತೆ ಡ್ಯಾಶ್‌ಬೋರ್ಡೂ ಕಾಣುತ್ತದೆ.

ಉಳಿದಿದ್ದು ಡಿಕ್ಕಿ ಮೇಲಿನ ಸ್ಟಿಕ್ಕರ್. ದೊಡ್ಡಕ್ಷರದಲ್ಲಿ ‘ಪಿಂಕಿ ಬಬ್ಲು’. ಹೇರ್ ಡ್ರೈಯರಿನಿಂದ ಬಿಸಿ ಮಾಡಿ, ಮೂಲೆ ಎತ್ತಿ, ನಿಧಾನಕ್ಕೆ ಎಳೆದರೆ ಒಂದು ಚೂರೂ ಹರಿಯದೆ ಬಂತು. ಉಳಿದ ಅಂಟನ್ನು ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸಿದೆ. ಇಡೀ ಗಾಡಿಯಲ್ಲಿ ಇಷ್ಟು ಸಲೀಸಾಗಿ ಆದ ಕೆಲಸ ಇದೊಂದೇ. ಆದರೆ ಸ್ಟಿಕ್ಕರಿನ ಕೆಳಗಿನ ಬಣ್ಣಕ್ಕೆ ಬಿಸಿಲೇ ತಾಗಿರಲಿಲ್ಲ. ಸುತ್ತಲಿನ ಮಂಕು ನೀಲಿಯ ನಡುವೆ ಅಚ್ಚ ನೀಲಿಯಲ್ಲಿ ‘ಪಿಂಕಿ ಬಬ್ಲು’ ಮೊದಲಿಗಿಂತ ಚೆಂದ ಕಾಣತೊಡಗಿತು. ಪೇಂಟರ್ ಭಾಯ್ ಹತ್ತಿರ ಹೋದೆ. ಡಿಕ್ಕಿಗೆ ಹೊಡೆದರೆ ಹಿಂದಿನ ಬಂಪರ್ ಬಿಡೋಕೆ ಆಗಲ್ಲ ಸಾಬ್ ಅಂತ ಶುರು ಮಾಡಿದರು. ಗಾಡಿ ತಿರುಗಿಸಿಕೊಂಡು ಬಂದೆ.

ಕುರುಗೋಡಿನಲ್ಲಿ ಒಂದು ಮದುವೆ. ಊಟಕ್ಕೆ ಎಲೆ ಮುಂದೆ ಕೂತಿದ್ದೇವೆ. ಮೈಕಿನಲ್ಲಿ ಕೂಗಿದರು: “ಪಿಂಕಿ ಬಬ್ಲು ಅವರಪ್ಪ ಎಲ್ಲಿದ್ದೀರಿ, ನಿಮ್ಮ ಕಾರು ಟ್ರ್ಯಾಕ್ಟರಿಗೆ ಅಡ್ಡ ಆಗೈತಿ, ಲಗೂನ ಬರ್ರಿ.” ಹೆಂಡತಿ ಮೊಣಕೈಯಲ್ಲಿ ತಿವಿದಳು. “ಏಳ್ರಿ, ನಿಮ್ಮನ್ನೇ ಕರಿಯಾಕತ್ಯಾರ.” ಎದ್ದು ಹೋಗಿ ಗಾಡಿ ತೆಗೆದೆ. ಗೇಟಿನ ಹತ್ತಿರ ನಿಂತಿದ್ದ ಹುಡುಗನ ಕಡೆಯ ಹಿರಿಯರೊಬ್ಬರು ಕೈಮುಗಿದು, ತಾಂಬೂಲದ ಚೀಲ ಕೊಡುತ್ತ ಕೇಳಿದರು: “ಮಕ್ಕಳನ್ನ ಕರ್ಕೊಂಡು ಬರ್ಲಿಲ್ಲೇನ್ರಿ?”

“ಪಿಂಕಿಗೆ ಪರೀಕ್ಷೆ ಐತ್ರಿ” ಅಂದೆ.