ಇನ್ನೊಂದು ಆಗಲಿ, ಆಮೇಲೆ ನೋಡೋಣ

ಸತ್ತವರಿಗೆ ಪರೀಕ್ಷೆ ಇಲ್ಲ, ಸಾಯಿಸುವ ರಸ್ತೆಗೆ ಮಾತ್ರ ಇದೆ. ರಾಷ್ಟ್ರೀಯ ಹೆದ್ದಾರಿಯ ಒಂದು ತಿರುವು ‘ಬ್ಲ್ಯಾಕ್ ಸ್ಪಾಟ್’, ಅಂದರೆ ಪದೇ ಪದೇ ಅಪಘಾತವಾಗುವ ಜಾಗ, ಅನ್ನಿಸಿಕೊಳ್ಳಬೇಕಾದರೆ, ಸುಮಾರು 500 ಮೀಟರ್ ಉದ್ದದೊಳಗೆ, ಮೂರು ವರ್ಷದಲ್ಲಿ, ಸಾವು ಅಥವಾ ತೀವ್ರ ಗಾಯದ ಐದು ಅಪಘಾತ ಆಗಿರಬೇಕು. ಇಲ್ಲವೇ ಹತ್ತು ಜನ ಸತ್ತಿರಬೇಕು. ಕೇಂದ್ರ ಸಾರಿಗೆ ಸಚಿವಾಲಯ ಹಾಕಿಕೊಟ್ಟ ಲೆಕ್ಕ ಇದು. ನಮ್ಮ ತುಮಕೂರು ರಸ್ತೆ, ಬಳ್ಳಾರಿ ರಸ್ತೆ, ಹೊಸೂರು ರಸ್ತೆ ಮೂರೂ ಹೆದ್ದಾರಿಗಳೇ ಆದ್ದರಿಂದ ಬೆಂಗಳೂರಿಗರೂ ಹಾಲ್ ಟಿಕೆಟ್ ಪಡೆದಂತಾಯಿತು.

ನಾಲ್ಕೇ ಅಪಘಾತ ಆಗಿದೆಯೇ? ತಿರುವು ಫೇಲು. ಬಡಾವಣೆಯವರು ಅರ್ಜಿ ಹಿಡಿದು ಹೋದರೆ ಗುಮಾಸ್ತರು ಕಡತ ತಿರುವಿ, ‘ಇನ್ನೊಂದು ಆಗಲಿ ಸಾರ್, ಆಮೇಲೆ ನೋಡೋಣ’ ಎಂದರೆ ಅದರಲ್ಲಿ ಅವರ ತಪ್ಪೇನೂ ಇಲ್ಲ, ನಿಯಮವೇ ಹಾಗಿದೆ. ಕಾಲು ಮುರಿದುಕೊಂಡವನು ಪಟ್ಟಿಗೆ ಸೇರುತ್ತಾನೆ. ಮೊಣಕೈ ತರಚಿಕೊಂಡು ಮನೆಗೆ ಹೋದವನು ಆಟಕ್ಕುಂಟು ಲೆಕ್ಕಕ್ಕಿಲ್ಲ.

ಅಂತೂ ಪಾಸಾಯಿತು ಅನ್ನಿ. ಆಗ ಬೋರ್ಡು ಬರುತ್ತದೆ: ‘ಅಪಘಾತ ವಲಯ, ನಿಧಾನವಾಗಿ ಚಲಿಸಿ’. ಅದನ್ನು ಹೊಂಗೆ ಮರದ ಕೊಂಬೆಯ ಹಿಂದೆ, ಯಾರ ಕಣ್ಣಿಗೂ ಬೀಳದಂತೆ ಜೋಪಾನವಾಗಿ ನೆಡುತ್ತಾರೆ. ಜೊತೆಗೆ ಎರಡು ಬ್ಯಾರಿಕೇಡು, ಅದರ ಮೇಲೊಂದು ಮೂಳೆ ಆಸ್ಪತ್ರೆಯ ಜಾಹೀರಾತು. ಗುದ್ದಿಕೊಂಡವರು ವಿಳಾಸ ಹುಡುಕಿಕೊಂಡು ಅಲೆಯಬಾರದಲ್ಲ!

ಅಷ್ಟಕ್ಕೂ ಬಗ್ಗದಿದ್ದರೆ ಹಂಪು. ಹೆದ್ದಾರಿ ಎಂಜಿನಿಯರುಗಳ ಸಂಸ್ಥೆಯಾದ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಪುಸ್ತಕದಲ್ಲಿ ಹಂಪಿಗೂ ಜಾತಕ ಬರೆದಿಟ್ಟಿದ್ದಾರೆ: ಗಾಡಿ ಸಾಗುವ ದಿಕ್ಕಿನಲ್ಲಿ 3.7 ಮೀಟರ್ ಅಗಲ, ನಡುವೆ 10 ಸೆಂಟಿಮೀಟರ್ ಎತ್ತರ. ಗಂಟೆಗೆ 25 ಕಿಲೋಮೀಟರಿನಲ್ಲಿ ಬಂದವನು ಸಲೀಸಾಗಿ ದಾಟಬೇಕು. ನಮ್ಮ ಬೀದಿಯ ಹಂಪು ಹುಟ್ಟುವುದು ರಾತ್ರಿ ಹನ್ನೊಂದರ ಮೇಲೆ. ಒಂದು ಟಾರು ಡ್ರಮ್ಮು, ನಾಲ್ಕು ಬಾಂಡ್ಲಿ ಜಲ್ಲಿ, ಬೀಡಿ ಕಚ್ಚಿಕೊಂಡ ಒಬ್ಬ ಮೇಸ್ತ್ರಿ. ಆತನ ಕಣ್ಣಳತೆಯೇ ಶಾಸನ. ಬಿಳಿ ಪಟ್ಟೆ ಬಳಿಯುವುದು ಬೇರೆ ಟೆಂಡರು, ಅದು ಯಾವತ್ತೋ. ಅಲ್ಲಿಯವರೆಗೆ ಹಂಪು ಎಲ್ಲಿದೆ ಎಂಬುದನ್ನು ಬೆಳಗಿನ ಜಾವದ ಹಾಲಿನವರು, ಪೇಪರಿನವರು ಸ್ವಂತ ಸೊಂಟದಿಂದ ಪತ್ತೆ ಹಚ್ಚಿ ಉಳಿದವರಿಗೆ ತಿಳಿಸುತ್ತಾರೆ. ದೊಡ್ಡವರ ಸವಾರಿ ಆ ದಾರಿಯಲ್ಲಿ ಬರುವುದಿದ್ದರೆ ಮಾತ್ರ ಅದೇ ಹಂಪು ಬೆಳಗಾಗುವಷ್ಟರಲ್ಲಿ ಮಾಯ, ಪಕ್ಕದ ಗುಂಡಿಯೂ ಭರ್ತಿ. ಕೈಲಾಗದವರು ಎಂದು ಪಾಲಿಕೆಯವರನ್ನು ಬೈಯುವವರು ಆ ಒಂದು ರಾತ್ರಿ ಬಂದು ನೋಡಬೇಕು.

ಬಿದ್ದವನ ಕಥೆಗೆ ಬನ್ನಿ. ಎಫ್‌ಐಆರ್‌ನಲ್ಲಿ ಖಾಯಂ ಸಾಲು: ‘ಅತಿವೇಗ ಮತ್ತು ಅಜಾಗರೂಕತೆಯಿಂದ’. ಗುಂಡಿ ಅದರ ಪಾಡಿಗೆ ಅದು ಇತ್ತು, ಇವನೇ ಹೋಗಿ ಬಿದ್ದ. ಹಾಗಂತ ಕಾನೂನು ಇಲ್ಲವೆಂದಲ್ಲ. 2019ರ ತಿದ್ದುಪಡಿಯಲ್ಲಿ ಮೋಟಾರು ವಾಹನ ಕಾಯ್ದೆಗೆ 198ಎ ಎಂಬ ಕಲಂ ಸೇರಿದೆ. ರಸ್ತೆಯ ವಿನ್ಯಾಸ, ನಿರ್ಮಾಣ, ನಿರ್ವಹಣೆಯಲ್ಲಿ ನಿಗದಿತ ಗುಣಮಟ್ಟ ತಪ್ಪಿ ಯಾರಾದರೂ ಸತ್ತರೆ, ಅಂಗವಿಕಲರಾದರೆ, ಹೊಣೆ ಹೊತ್ತ ಪ್ರಾಧಿಕಾರಕ್ಕೋ ಗುತ್ತಿಗೆದಾರರಿಗೋ ದಂಡ. ಎಷ್ಟು? ಒಂದು ಲಕ್ಷ ರೂಪಾಯಿವರೆಗೆ. ಕೋಟಿಗಟ್ಟಲೆ ಕಾಮಗಾರಿಯ ಬಿಲ್ಲಿನಲ್ಲಿ ಇದನ್ನು ಕಾಫಿ-ತಿಂಡಿಯ ಬಾಬ್ತಿಗೆ ಸೇರಿಸಿದರೂ ಆಡಿಟ್‌ನವರು ತಲೆ ಎತ್ತಿ ನೋಡಲಾರರು.

ಸವಾರನ ದಂಡಕ್ಕಾದರೆ ರಿಯಾಯಿತಿಯ ಭಾಗ್ಯವಿದೆ. 2023ರ ಫೆಬ್ರವರಿಯಲ್ಲಿ ಬಾಕಿ ದಂಡ ಅರ್ಧಕ್ಕರ್ಧ ಎಂದು ಸರ್ಕಾರ ಸಾರಿದ್ದೇ ತಡ, ಜನ ಮುಗಿಬಿದ್ದು ನೂರು ಕೋಟಿಗೂ ಮಿಕ್ಕಿ ಕಟ್ಟಿದರು. ಆಮೇಲೂ ಈ ಕೊಡುಗೆ ಬಂತು, 2025ರಲ್ಲಿ ಮತ್ತೂ ಬಂತು. ಸಿಗ್ನಲ್ ಹಾರಿದ ದಿನವೇ ಪೂರ್ತಿ ಕಟ್ಟಿದ ಬಡಪಾಯಿ ಪೆಚ್ಚಾದ. ಹಾರಿ ಸುಮ್ಮನಿದ್ದವನು ಗೆದ್ದ.

ಇತ್ತ ಸ್ವೀಡನ್ನಿನ ಸಂಸತ್ತು 1997ರಲ್ಲೇ ಹೇಳಿತ್ತು: ಮನುಷ್ಯ ತಪ್ಪು ಮಾಡಿಯೇ ಮಾಡುತ್ತಾನೆ, ಆ ತಪ್ಪಿಗೆ ಪ್ರಾಣ ಹೋಗದಂತೆ ರಸ್ತೆ ಇರಬೇಕು ಎಂದು. ಪಕ್ಕದ ಫಿನ್‌ಲೆಂಡಿನ ಹೆಲ್ಸಿಂಕಿಯಲ್ಲಿ 2025ರ ಜುಲೈಗೆ ಮುಗಿದ ಒಂದು ವರ್ಷದಲ್ಲಿ ರಸ್ತೆ ಅಪಘಾತಕ್ಕೆ ಒಬ್ಬರೂ ಬಲಿಯಾಗಲಿಲ್ಲ. ಅಲ್ಲಿ ಅರ್ಧಕ್ಕೂ ಹೆಚ್ಚು ಬೀದಿಗಳಲ್ಲಿ ವೇಗಮಿತಿ 30. ಇದರಲ್ಲೇನು ಹೆಚ್ಚುಗಾರಿಕೆ? ಸಂಜೆ ಆರಕ್ಕೆ ಸಿಲ್ಕ್ ಬೋರ್ಡ್ ಜಂಕ್ಷನ್ನಿಗೆ ಬಂದು ನೋಡಲಿ. ಬೋರ್ಡಿಲ್ಲದೆ, ಕ್ಯಾಮೆರಾ ಇಲ್ಲದೆ ನಾವು ಮೂರು ಕಿಲೋಮೀಟರಿಗೇ ಇಳಿಸಿದ್ದೇವೆ. ಈ ಊರಿನಲ್ಲಿ ನಿಜವಾಗಿ ಕೆಲಸ ಮಾಡುತ್ತಿರುವ ರಸ್ತೆ ಸುರಕ್ಷತಾ ಯೋಜನೆ ಎಂದರೆ ಜಾಮ್ ಒಂದೇ. ಈಗ ಹೆಬ್ಬಾಳದಿಂದ ಸಿಲ್ಕ್ ಬೋರ್ಡಿಗೆ ಸುರಂಗ ಕೊರೆದು ಅದನ್ನೂ ಹಾಳುಮಾಡಲು ಹೊರಟಿದ್ದಾರೆ.