ಪುಟ 425ರಲ್ಲಿ ಯಮಧರ್ಮ

ಸುಳ್ಳಿಗೆ ಕಾಲಿಲ್ಲ ಎಂದವರು ಅಮೆರಿಕದ ಆರೋಗ್ಯ ಸುಧಾರಣೆಯ ಜಗಳ ನೋಡಿರಲಿಕ್ಕಿಲ್ಲ. ಅಲ್ಲಿ ಸುಳ್ಳಿಗೆ ಕಾಲಷ್ಟೇ ಅಲ್ಲ, ಪುಟಸಂಖ್ಯೆಯೂ ಇರುತ್ತದೆ. ‘ಸರ್ಕಾರ ಮುದುಕರನ್ನು ಸಾಯಿಸುತ್ತದಂತೆ’ ಎಂದರೆ ಮಗುವೂ ನಕ್ಕೀತು. ‘ಮಸೂದೆಯ 425ನೇ ಪುಟ ನೋಡಿ’ ಎಂದರೆ ಪ್ರೊಫೆಸರರೂ ತಲೆದೂಗುತ್ತಾರೆ. ಹಾಗೆ ಹೇಳುವವನ ಧೈರ್ಯವೆಲ್ಲ ಒಂದೇ: ಯಾರೂ ನೋಡುವುದಿಲ್ಲ.

ನೋಡೇಬಿಡೋಣ. 2009ರ ಜುಲೈನಲ್ಲಿ ಪ್ರತಿನಿಧಿ ಸಭೆಯಲ್ಲಿ ಮಂಡನೆಯಾದ, ಒಬಾಮಾ ಕಾಲದ ಆರೋಗ್ಯ ಸುಧಾರಣಾ ಮಸೂದೆ ಎಚ್.ಆರ್. 3200. ಸಾವಿರಕ್ಕೂ ಮಿಕ್ಕಿದ ಪುಟಗಳು ಎಂದು ಹೆದರಿಸುತ್ತಾರೆ. ಆದರೆ ಆ ದೇಶದ ಮಸೂದೆಯ ಒಂದು ಪುಟದಲ್ಲಿರುವುದು 25 ಸಾಲು, ದಪ್ಪ ಅಕ್ಷರ, ಎರಡೂ ಕಡೆ ದನ ಮೇಯಿಸುವಷ್ಟು ಖಾಲಿ ಜಾಗ. 425ನೇ ಪುಟದಲ್ಲಿ ಸಿಗುವುದು ಸೆಕ್ಷನ್ 1233. ಪ್ರಜ್ಞೆ ತಪ್ಪಿದ ಮೇಲೆ ನನಗೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ, ನನ್ನ ಪರವಾಗಿ ಯಾರು ನಿರ್ಧರಿಸಬೇಕು ಎಂದು ಹಿರಿಯರೊಬ್ಬರು ಡಾಕ್ಟರ ಜತೆ ಕೂತು ಮಾತಾಡಿದರೆ, ಐದು ವರ್ಷಕ್ಕೊಮ್ಮೆ ಆ ಮಾತಿನ ಫೀಸನ್ನು ಹಿರಿಯರ ಸರ್ಕಾರಿ ವಿಮೆಯಾದ ಮೆಡಿಕೇರ್ ಕೊಡುತ್ತದೆ. ಇಷ್ಟೇ. ಈ ಮಾತುಕತೆಯಲ್ಲಿ ಇಂತಿಂಥ ವಿಷಯ ‘ಇರತಕ್ಕದ್ದು’ ಎಂದಿದೆ ನಿಜ. ಆ ತಕ್ಕದ್ದು ಬಿಲ್ ಕಳಿಸುವ ಡಾಕ್ಟರಿಗೆ, ರೋಗಿಗಲ್ಲ.

ನ್ಯೂಯಾರ್ಕಿನ ಮಾಜಿ ಲೆಫ್ಟಿನೆಂಟ್ ಗವರ್ನರ್ ಬೆಟ್ಸಿ ಮೆಕಾಯ್ ಆ ತಕ್ಕದ್ದನ್ನು ರೋಗಿಯ ಕೊರಳಿಗೆ ಕಟ್ಟಿ, ಐದು ವರ್ಷಕ್ಕೊಮ್ಮೆ ಸಾಯುವ ಪಾಠ ಕಡ್ಡಾಯ ಎಂದು ರೇಡಿಯೊದಲ್ಲಿ ಹೇಳಿದರು. ಎತ್ತು ಈಯಿತು ಎಂದ ಕೂಡಲೇ ಕೊಟ್ಟಿಗೆಗೆ ಕಟ್ಟಲು ರಿಪಬ್ಲಿಕನ್ ನಾಯಕಿ ಸಾರಾ ಪೇಲಿನ್ ಸಿದ್ಧರಿದ್ದರು. ಆಗಸ್ಟ್ 7ರಂದು ಫೇಸ್‌ಬುಕ್ಕಿನಲ್ಲಿ ಕರುವಿಗೆ ‘ಡೆತ್ ಪ್ಯಾನೆಲ್’, ಅಂದರೆ ಯಾರು ಬದುಕಬೇಕೆಂದು ತೀರ್ಮಾನಿಸುವ ಸರ್ಕಾರಿ ಮಂಡಳಿ, ಎಂದು ನಾಮಕರಣವೂ ಆಯಿತು. ಸತ್ಯ ಪರಿಶೀಲಿಸುವ ತಾಣ ಪೊಲಿಟಿಫ್ಯಾಕ್ಟ್ ಅದನ್ನು ಆ ವರ್ಷದ ಮಹಾಸುಳ್ಳು ಎಂದು ಆರಿಸಿತು. ಬಿರುದು ಸಿಕ್ಕಿದ್ದರಿಂದ ಸುಳ್ಳಿನ ಆಯುಸ್ಸೇನೂ ಕಡಿಮೆಯಾಗಲಿಲ್ಲ.

ಅದೇ ಬೇಸಿಗೆಯಲ್ಲಿ ಸೌತ್ ಕರೊಲಿನಾದ ಸಭೆಯೊಂದರಲ್ಲಿ ಒಬ್ಬರು ಎದ್ದು, ನನ್ನ ಮೆಡಿಕೇರಿನಿಂದ ಸರ್ಕಾರ ಕೈ ದೂರ ಇಡಲಿ ಎಂದು ಗುಡುಗಿದರು. ಮೆಡಿಕೇರ್ 1965ರಿಂದಲೂ ಸರ್ಕಾರದ್ದೇ.

ಪುಟ ಹುಡುಕುವವರಿಗೊಂದು ಕಿವಿಮಾತು. ಪುಟಸಂಖ್ಯೆಯನ್ನು ಬಿಟ್ಟು ಸೆಕ್ಷನ್ ಸಂಖ್ಯೆ ಕೇಳಿ, ಜತೆಗೆ ಯಾವ ಪ್ರತಿ ಎಂದೂ ಕೇಳಿ. ಕಾಂಗ್ರೆಸ್ ಡಾಟ್ ಗವ್ ತಾಣದಲ್ಲಿ ಒಂದೇ ಮಸೂದೆಗೆ ಹಲವು ಅವತಾರಗಳಿರುತ್ತವೆ: ‘ಐಎಚ್’ ಎಂದರೆ ಸಭೆಯಲ್ಲಿ ಮಂಡಿಸಿದ್ದು, ‘ಇಎಚ್’ ಎಂದರೆ ಸಭೆ ಒಪ್ಪಿದ್ದು, ‘ಇಎನ್‌ಆರ್’ ಎಂದರೆ ಎರಡೂ ಸದನ ಒಪ್ಪಿ ಅಧ್ಯಕ್ಷರ ಮೇಜಿಗೆ ಹೋದದ್ದು. ಮೊದಲನೆಯದನ್ನು ತೋರಿಸಿ ‘ಕಾನೂನು ಹೀಗಂತ’ ಎನ್ನುವವರು ಲಗ್ನಪತ್ರಿಕೆಯ ಕರಡು ತೋರಿಸಿ ಮದುವೆ ಆಯಿತು ಎನ್ನುವವರ ಪೈಕಿ. ಎಚ್.ಆರ್. 3200 ಕಾನೂನೇ ಆಗಲಿಲ್ಲ. ಕಾನೂನಾದದ್ದು, ಜನ ಒಬಾಮಾಕೇರ್ ಎನ್ನುವ ಎಚ್.ಆರ್. 3590, ಸಹಿ ಬಿದ್ದದ್ದು 2010ರ ಮಾರ್ಚ್ 23ರಂದು, ಅದರಲ್ಲಿ ಸೆಕ್ಷನ್ 1233ರ ಆ ಫೀಸಿನ ಮಾತೇ ಇಲ್ಲ. ಇನ್ನೊಂದು ತಮಾಷೆ: ಆ 3590 ಹುಟ್ಟುವಾಗ ಸೈನಿಕರ ಮನೆ ಖರೀದಿಯ ತೆರಿಗೆ ಮಸೂದೆಯಾಗಿತ್ತು. ಸೆನೆಟ್ ಒಳಗಿನ ತಿರುಳನ್ನೆಲ್ಲ ತೆಗೆದು ಆಸ್ಪತ್ರೆ ತುಂಬಿಸಿತು. ನಂಬರು ಸರಿಯಿದ್ದೂ ತಪ್ಪು ಪ್ರತಿ ತೆರೆದವರಿಗೆ ಸಿಗುವುದು ಸೈನಿಕರ ಮನೆ.

ಇನ್ನು ಲೆಕ್ಕ. ಕಾಂಗ್ರೆಸ್ಸಿನ ಬಜೆಟ್ ಕಚೇರಿ ಸಿಬಿಒ 2010ರ ಮಾರ್ಚ್ 20ರಂದು ಒಂದು ಪತ್ರ ಬರೆಯಿತು. ವಿಮೆ ವಿಸ್ತರಣೆಯ ಒಟ್ಟು ಖರ್ಚು ಹತ್ತು ವರ್ಷಕ್ಕೆ 938 ಬಿಲಿಯನ್ ಡಾಲರ್. ಹೊಸ ತೆರಿಗೆ, ಉಳಿತಾಯ ಎಲ್ಲ ಸೇರಿಸಿ ನೋಡಿದರೆ ಬಜೆಟ್ ಕೊರತೆ 143 ಬಿಲಿಯನ್ ಕಡಿಮೆ. ವಿರೋಧಿಗಳು 938 ಹಿಡಿದು ಎದೆ ಬಡಿದುಕೊಂಡರು, ಬೆಂಬಲಿಗರು 143 ಹೊತ್ತು ಕುಣಿದರು. ಎರಡೂ ಒಂದೇ ಪತ್ರದ ಅಂಕಿಗಳು, ಎರಡೂ ನಿಜ. ಆ 143ರಲ್ಲಿ 19 ಬಿಲಿಯನ್ ಬಂದದ್ದು ವಿದ್ಯಾರ್ಥಿ ಸಾಲದ ಬದಲಾವಣೆಯಿಂದ, ಆರೋಗ್ಯಕ್ಕೂ ಅದಕ್ಕೂ ಸಂಬಂಧವಿಲ್ಲ ಎಂದು ಹೇಳುವ ಹುಮ್ಮಸ್ಸು ಕುಣಿಯುವವರಿಗಿರಲಿಲ್ಲ. ಯಾರಾದರೂ ಅಂಕಿ ಎಸೆದರೆ ಮೂರು ಕೇಳಿ: ಒಟ್ಟೋ ನಿವ್ವಳವೋ, ಎಷ್ಟು ವರ್ಷಕ್ಕೆ, ಯಾವ ಪ್ರತಿಯ ಲೆಕ್ಕ. ಮೂರನೆಯದು ಯಾಕೆಂದರೆ, ಮಸೂದೆ ಓದದೆ ಮತ ಹಾಕಿದಿರಿ ಎಂದು 2010ರಲ್ಲಿ ಬೊಬ್ಬೆ ಹೊಡೆದ ರಿಪಬ್ಲಿಕನ್ ಪಕ್ಷವೇ 2017ರ ಮೇ 4ರಂದು, ಒಬಾಮಾಕೇರ್ ಕಿತ್ತುಹಾಕುವ ತನ್ನ ರದ್ದತಿ ಮಸೂದೆಗೆ ಪ್ರತಿನಿಧಿ ಸಭೆಯಲ್ಲಿ ಮತ ಹಾಕಿತು. ತಿದ್ದಿದ ಆ ಮಸೂದೆಗೆ ಸಿಬಿಒ ಲೆಕ್ಕ ಬಂದದ್ದು ಮೇ 24ಕ್ಕೆ. 2026ರ ಹೊತ್ತಿಗೆ ವಿಮೆ ಇಲ್ಲದವರು 2.3 ಕೋಟಿ ಹೆಚ್ಚುತ್ತಾರೆ ಎಂದಿತ್ತು ಅದರಲ್ಲಿ. ಸಿಬಿಒಗೆ ಲೆಕ್ಕ ಬರುವುದಿಲ್ಲ ಎಂಬ ಸಂಶೋಧನೆಯೂ ಆಗಲೇ ಆಯಿತು.

ಟೀವಿಯವರದು ಬೇರೆ ಕಾಯಿಲೆ. ಎಲ್ಲರೂ ವಿಮೆ ಕೊಳ್ಳಲೇಬೇಕೆಂಬ ಒಬಾಮಾಕೇರಿನ ವಿಧಿಯ ಬಗ್ಗೆ 2012ರ ಜೂನ್ 28ರಂದು ಸುಪ್ರೀಂ ಕೋರ್ಟ್ ತೀರ್ಪು ಬಂತು. ವಾಣಿಜ್ಯ ನಿಯಂತ್ರಿಸಲು ಸಂವಿಧಾನ ಕೊಟ್ಟ ಅಧಿಕಾರದಡಿ ವಿಮೆ ಕಡ್ಡಾಯ ಮಾಡುವಂತಿಲ್ಲ ಎಂದು ಮುಖ್ಯ ನ್ಯಾಯಮೂರ್ತಿ ರಾಬರ್ಟ್ಸ್ ಮೊದಲು ಬರೆದಿದ್ದರು. ತೆರಿಗೆಯೆಂದು ನೋಡಿದರೆ ಊರ್ಜಿತ ಎಂಬುದು ಆಮೇಲೆ. ಸಿಎನ್‌ಎನ್, ಫಾಕ್ಸ್ ಎರಡೂ ಮೊದಲ ಭಾಗ ಓದಿ ‘ಕಡ್ಡಾಯ ವಿಮೆ ರದ್ದು’ ಎಂದು ಪರದೆಗೆ ಬಿಟ್ಟವು. ಎಡಬಲ ವೈರಿಗಳು ಒಮ್ಮತಕ್ಕೆ ಬಂದ ಅಪೂರ್ವ ಕ್ಷಣ, ಅದೂ ತಪ್ಪಿನ ಮೇಲೆ.

ಸಂಘಟನೆಗಳ ಹೆಸರಿಗೂ ಮರುಳಾಗಬೇಡಿ. ರೋಗಿ, ಆಯ್ಕೆ, ಒಕ್ಕೂಟ ಈ ಮೂರು ಪದಗಳಲ್ಲಿ ಎರಡು ಕಂಡರೆ ದುಡ್ಡು ಯಾರದು ಎಂದು ನೋಡಿ. 1993-94ರಲ್ಲಿ ಕ್ಲಿಂಟನ್ ಆರೋಗ್ಯ ಯೋಜನೆಯನ್ನು ಅಡುಗೆಮನೆಯ ಮೇಜಿನಲ್ಲಿ ಕೂತು ಹಳಿದ, ಟೀವಿ ಜಾಹೀರಾತಿನ ಹ್ಯಾರಿ-ಲೂಯಿಸ್ ದಂಪತಿಗೆ ದುಡ್ಡು ಹಾಕಿದ್ದು ವಿಮಾ ಕಂಪನಿಗಳ ಸಂಘ. 2009ರಲ್ಲಿ ಅದೇ ದಂಪತಿ ಸುಧಾರಣೆಯ ಪರವಾಗಿ ಬಂದರು. ಆಗ ದುಡ್ಡು ಹಾಕಿದವರಲ್ಲಿ ಔಷಧ ಕಂಪನಿಗಳ ಸಂಘವೂ ಇತ್ತು.

ಬೆಂಬಲಿಗರು ಇಲ್ಲಿಯವರೆಗೆ ಮುಸಿಮುಸಿ ನಕ್ಕಿದ್ದರೆ ಸಾಕು. ‘ಈಗಿನ ವಿಮೆ ಇಷ್ಟವಾಗಿದ್ದರೆ ಅದನ್ನೇ ಇಟ್ಟುಕೊಳ್ಳಿ’ ಎಂದು ಒಬಾಮಾ ಊರೂರಲ್ಲಿ ಹೇಳಿದ್ದು 2013ರ ಮಹಾಸುಳ್ಳಾಯಿತು. ಹಳೆಯ ಪಾಲಿಸಿಗೆ ಹೊಸ ಕಾನೂನಿನಿಂದ ವಿನಾಯಿತಿ ಇದ್ದದ್ದು ಅದು ಹೆಚ್ಚೇನೂ ಬದಲಾಗದಿದ್ದರೆ ಮಾತ್ರ. ಕಂಪನಿಗಳೋ ವರ್ಷವರ್ಷ ಪಾಲಿಸಿ ಬದಲಿಸುವವರು. ಈ ಷರತ್ತು 2010ರ ಜೂನ್‌ನ ನಿಯಮಾವಳಿಯಲ್ಲೇ ಅಚ್ಚಾಗಿತ್ತು. ಭಾಷಣದಲ್ಲಿ ಮಾತ್ರ ಜಾಗ ಸಿಗಲಿಲ್ಲ. 2013ರ ಕೊನೆಗೆ ಲಕ್ಷಾಂತರ ಮನೆಗಳಿಗೆ ರದ್ದತಿ ಪತ್ರ ಬಂತು.

ಅಂದಹಾಗೆ, 425ನೇ ಪುಟದ ಯಮಧರ್ಮ, ಅಂದರೆ ಡಾಕ್ಟರ ಆ ಮಾತಿನ ಫೀಸು, ಏನಾದ? 2011ರ ಜನವರಿಯಲ್ಲಿ ನಿಯಮಾವಳಿಯ ಹಿಂಬಾಗಿಲಿನಿಂದ ಇಣುಕಿ, ಗದ್ದಲಕ್ಕೆ ಹೆದರಿ ಕೆಲವೇ ದಿನದಲ್ಲಿ ವಾಪಸು ಹೋದ. 2016ರ ಜನವರಿ 1ರಿಂದ ಸದ್ದಿಲ್ಲದೆ ಕೆಲಸಕ್ಕೆ ಹಾಜರಾಗಿದ್ದಾನೆ. ಡಾಕ್ಟರ ಬಿಲ್ಲಿನಲ್ಲಿ ಅವನ ಕೋಡ್ 99497, ಮೊದಲ ಅರ್ಧ ಗಂಟೆಯ ಮಾತಿಗೆ. ಮಾತು ಉದ್ದವಾದರೆ 99498. ಕನಿಷ್ಠ 16 ನಿಮಿಷವಾದರೂ ಮಾತಾಡಿರಬೇಕು. ಹದಿನೈದಕ್ಕೇ ಎದ್ದುಬಿಟ್ಟರೆ ಡೆತ್ ಪ್ಯಾನೆಲ್ಲಿಗೆ ಈ ಕೋಡಿನಡಿ ಫೀಸಿಲ್ಲ.